ಬಳಗವೂ ಬಳಕೆಯೂ



ಸ್ಮರಣ ಸಂಚಿಕೆಯಲ್ಲಿ ವರದಿಗಳ ಜೊತೆಗೆ ಓದಿ ವಿಚಾರಮಾಡತಕ್ಕ ಪಾಠವೊಂದು ಇರಬೇಕೆಂಬುದು ನಮ್ಮ ಇಷ್ಟ. ಈ ಸಾರಿ ನಾನು ಆರಿಸಿಕೊಂಡಿರುವ ವಿಷಯವು, ಸ್ವಂತ ನೆಲವನ್ನು ಬಿಟ್ಟುಬಂದು, ಒಂದೆರಡು ದಿನಗಳಲ್ಲ, ಒಂದೆರಡು ತಲೆಮಾರುಗಳ ಕಾಲ ಪರಸ್ಥಳದಲ್ಲಿ ಬಾಳುವ ಜನರನ್ನು ಕುರಿತದ್ದು. ನಿರಾಶ್ರಿತರೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಕಂಬಳಿ, ಗಂಜಿ, ಗುಡಾರ. ಇವು ಬೇಕಾದವುಗಳೇ ಸರಿ. ಆದರೆ ಇದು ಮೊದಲನೆಯ ತಿಂಗಳಿನ ಮಾತು. ಹತ್ತನೆಯ ವರ್ಷದಲ್ಲಿ ಅವರು ಯಾರ ಕೈಹಿಡಿದು ನಿಲ್ಲುತ್ತಾರೆ, ಐವತ್ತನೆಯ ವರ್ಷದಲ್ಲಿ ಅವರ ಮೊಮ್ಮಕ್ಕಳು ಯಾವ ಊರನ್ನು ತಮ್ಮದೆನ್ನುತ್ತಾರೆ ಎಂದು ಕೇಳುವವರು ವಿರಳ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಊರುಗಳು ನಮ್ಮ ಕನ್ನಡನಾಡಿನಲ್ಲಿಯೇ ಇರುವುದರಿಂದ, ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ.

ಕಳಸದ ಸೀಮೆಯವರಿಗೆ ಈ ವಿಷಯವು ಪರಕೀಯವೂ ಅಲ್ಲ. ೨೦೧೯ರ ಆಗಸ್ಟಿನ ಮಹಾಮಳೆಯಲ್ಲಿ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡ ಜರಿದು ಮನೆತೋಟಗಳು ಮಣ್ಣುಪಾಲಾದುದನ್ನು ನೀವೆಲ್ಲರೂ ಬಲ್ಲಿರಿ. ಆ ಕುಟುಂಬಗಳನ್ನು ಕಾಯಿದೆಯ ಅರ್ಥದಲ್ಲಿ ನಿರಾಶ್ರಿತರೆನ್ನಲಾಗದು. ಅವರು ತಮ್ಮ ದೇಶದಲ್ಲಿಯೇ, ತಮ್ಮ ತಾಲ್ಲೂಕಿನಲ್ಲಿಯೇ ಉಳಿದವರು. ಆದರೂ ಅವರು ಕಳೆದುಕೊಂಡದ್ದು ಗೋಡೆ ಮಾಡುಗಳನ್ನು ಮಾತ್ರವೇ ಎಂದು ಯಾರೂ ಹೇಳರು. ಆಷಾಢದ ನಡುರಾತ್ರಿಯಲ್ಲಿ ಕೂಗಿ ಕರೆದರೆ ಓಗೊಡುವ ನೆರೆಮನೆಯನ್ನೂ, ಕೂಲಿಯ ಹಣ ತಡವಾದಾಗ ಅಕ್ಕಿ ಬೇಳೆಗಳನ್ನು ಬರೆದಿಟ್ಟುಕೊಂಡು ಕೊಡುತ್ತಿದ್ದ ಅಂಗಡಿಯನ್ನೂ ಅವರು ಕಳೆದುಕೊಂಡರು. ಮನೆಯ ಪರಿಹಾರಕ್ಕೆ ಸರ್ಕಾರದಲ್ಲಿ ಅರ್ಜಿಯ ನಮೂನೆಯುಂಟು. ಆ ಅಂಗಡಿಯ ನಂಬಿಕೆಗೆ ನಮೂನೆ ಎಲ್ಲಿಯದು?

ಇಲ್ಲಿ ಎರಡು ಕನ್ನಡ ಮಾತುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಒಂದು ಬಳಗ, ಇನ್ನೊಂದು ಬಳಕೆ. ಒಂದೇ ಭಾಷೆಯನ್ನಾಡುವವರು, ಒಂದೇ ನೆಲದಿಂದ ಬಂದವರು, ಹುಟ್ಟು ಸಾವುಗಳಲ್ಲಿ ಕರೆಯದೆ ಬಂದು ನಿಲ್ಲುವವರು ಬಳಗ. ನಮ್ಮವರಲ್ಲದವರ ಸಂಗಡ ನಡೆಯುವ ಕೊಡುಕೊಳ್ಳುವಿಕೆ, ಹೋಗುಬರುವಿಕೆ, ಸಾಲ, ಕೆಲಸ, ಶಾಲೆ, ಆಸ್ಪತ್ರೆ, ಪೇಟೆ ಇವೆಲ್ಲ ಬಳಕೆ. ಬಳಗವು ಮನುಷ್ಯನನ್ನು ಬೀಳದಂತೆ ಹಿಡಿಯುತ್ತದೆ. ಬಳಕೆಯು ಅವನನ್ನು ಮುಂದಕ್ಕೆ ನಡೆಯಿಸುತ್ತದೆ. ಯಾವ ತೋಟದಲ್ಲಿ ಕೆಲಸವುಂಟು, ಯಾವ ಕಛೇರಿಯಲ್ಲಿ ಯಾವ ದಿನ ಹೋಗಬೇಕು, ಮಗಳನ್ನು ಯಾವ ಶಾಲೆಗೆ ಸೇರಿಸಬಹುದು ಎಂಬ ಸುದ್ದಿಗಳು ಬಳಗದೊಳಗೇ ಹುಟ್ಟುವುದು ಅಪೂರ್ವ. ಅವು ಹೊರಗಿನವರಿಂದ ಬರತಕ್ಕವು.

ಅನೇಕರ ಅಭಿಪ್ರಾಯವೇನಂದರೆ, ಹೊರಗಿನಿಂದ ಬಂದವರು ತಮ್ಮ ಬಳಗದಲ್ಲಿಯೇ ಗುಂಪುಗೂಡಿ ಇರುವಷ್ಟು ಕಾಲ ನಮ್ಮವರಾಗುವುದಿಲ್ಲ. ಅವರನ್ನು ಚೆದರಿಸಿ ಇಟ್ಟರೆ, ಅವರ ಮಾತನ್ನು ಮರೆಯಿಸಿದರೆ, ಬೇಗನೆ ಬೆರೆತುಹೋಗುವರು, ಎಂಬುದು. ಮೇಲುನೋಟಕ್ಕೆ ಇದು ಸರಿಯೆಂದು ತೋರುತ್ತದೆ. ಆದರೆ ನಮ್ಮ ನಾಡಿನ ಅನುಭವವು ಇದಕ್ಕೆ ಹೆಚ್ಚುಕಡಿಮೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತದೆಂದು ನಾನು ಎಣಿಸುತ್ತೇನೆ. ಬಲವಾದ ಬಳಗವುಳ್ಳವರೇ ನೆರೆಯವರೊಡನೆ ಬಳಕೆಯನ್ನು ಧೈರ್ಯದಿಂದ ನಡೆಯಿಸಿದ್ದಾರೆ. ಬಳಗವು ಹರಿದುಹೋದವರು ನೆರೆಯಲ್ಲಿದ್ದರೂ ಕಣ್ಣಿಗೆ ಬೀಳದೆ ಉಳಿದಿದ್ದಾರೆ.

ನಿಮ್ಮಲ್ಲಿ ಹಲವರ ಮನೆಮಾತೇ ಇದಕ್ಕೆ ಮೊದಲನೆಯ ಉದಾಹರಣೆ. ಪೊರ್ತುಗೀಸರ ಆಳಿಕೆಯ ಗೋವೆಯಲ್ಲಿ ೧೫೬೦ರಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನವು ಏರ್ಪಟ್ಟಿತು. ಆ ಭಯದಿಂದಲೂ, ಮುಂದೆ ಯುದ್ಧಗಳಿಂದಲೂ ಬರಗಾಲಗಳಿಂದಲೂ ಗೋವೆಯನ್ನು ಬಿಟ್ಟ ಕೊಂಕಣಿ ಜನರು, ಹಿಂದುಗಳೂ ಕ್ರೈಸ್ತರೂ, ಕನ್ನಡ ಕರಾವಳಿಗೆ ಬಂದು ನೆಲಸಿದರು. ಅವರೊಳಗಿನ ಕ್ರೈಸ್ತರು ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟು, ೧೭೯೯ರ ತನಕ, ಅಂದರೆ ಹದಿನೈದು ವರ್ಷ, ಅಲ್ಲಿ ಇದ್ದರು. ಹೀಗೆ ಎರಡು ಸಾರಿ ನೆಲೆ ತಪ್ಪಿದ ಜನರು ಮನೆಯಲ್ಲಿ ಕೊಂಕಣಿಯನ್ನು ಬಿಡಲಿಲ್ಲ. ಪೇಟೆಯಲ್ಲಿ ತುಳುವನ್ನೂ ಕಾಗದಪತ್ರಗಳಲ್ಲಿ ಕನ್ನಡವನ್ನೂ ಬಳಸಿದರು. ಘಟ್ಟ ಹತ್ತಿ ಕಾಫಿ ಸೀಮೆಗೆ ಬಂದಮೇಲೆಯೂ ಹಾಗೆಯೇ ನಡೆದುಬಂದಿದೆ. ಮನೆಮಾತನ್ನು ನಾಲ್ಕು ನೂರು ವರ್ಷ ಕಾಪಾಡಿಕೊಂಡವರನ್ನು ಈಗ ಯಾರೂ ಹೊರಗಿನವರೆನ್ನುವುದಿಲ್ಲ. ಹೇಳುವುದಾದರೆ ಕಾಫಿಯ ಗಿಡವೂ ಯೆಮೆನ್ ದೇಶದಿಂದ ಬಾಬಾಬುಡನರ ಹೆಸರಿನೊಡನೆ ಬಂದದ್ದೆಂದು ಐತಿಹ್ಯ. ಅದಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಮರದ ತೌರು ಆಸ್ಟ್ರೇಲಿಯ.

ಇನ್ನು ನಮ್ಮ ಕಾಲದ ಮುಖ್ಯ ನಿದರ್ಶನಕ್ಕೆ ಬರೋಣ. ೧೯೫೯ರ ಮಾರ್ಚಿಯಲ್ಲಿ ಲಾಸಾ ಪಟ್ಟಣದಲ್ಲಿ ಚೀನೀಯರಿಗೆ ವಿರುದ್ಧವಾಗಿ ದಂಗೆಯೆದ್ದು ಅಡಗಿಸಲ್ಪಟ್ಟಿತು. ಹದಿನಾಲ್ಕನೆಯ ದಲಾಯಿ ಲಾಮಾ ಅವರು ಅದೇ ತಿಂಗಳಿನ ಕೊನೆಗೆ ಭಾರತವನ್ನು ಸೇರಿದರು. ಅವರ ಹಿಂದೆ ಸುಮಾರು ಎಂಬತ್ತು ಸಾವಿರ ಜನರು ಹಿಮಪರ್ವತಗಳನ್ನು ದಾಟಿಬಂದರು. ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಮುಂತಾದ ತಂಗುದಾಣಗಳಲ್ಲಿ ಸೆಕೆಯಿಂದಲೂ ರೋಗದಿಂದಲೂ ಬಹು ಮಂದಿ ಸತ್ತರು. ಉಳಿದವರಲ್ಲಿ ಅನೇಕರು ಗಂಡಸು ಹೆಂಗಸೆನ್ನದೆ ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆದರು. ಒಂದೊಂದು ರಸ್ತೆಯ ಕೆಲಸ ಮುಗಿದಾಗ ಒಂದೊಂದು ಕಡೆಗೆ ಚೆದರಬೇಕಾದ ಆ ಬದುಕಿನಲ್ಲಿ ಮಕ್ಕಳಿಗೆ ಶಾಲೆಯಿಲ್ಲ, ಮುದುಕರಿಗೆ ಒಲೆಯಿಲ್ಲ. ಆಗ ಭಾರತ ಸರ್ಕಾರವು ಅವರನ್ನು ಒಟ್ಟಾಗಿ ನೆಲೆಗೊಳಿಸಲು ಪ್ರಾಂತಗಳನ್ನು ಭೂಮಿ ಕೇಳಿತು. ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುನೆಲವನ್ನು ಕೊಟ್ಟಿತು. ೧೯೬೦ರ ಕೊನೆಗೆ ಮೊದಲನೆಯ ತಂಡಗಳು ಅಲ್ಲಿಗೆ ಬಂದಿಳಿದವು.

ಅವರು ಹಿಂದೆ ಕಂಡದ್ದು ಬಾರ್ಲಿಯ ಹೊಲ, ಯಾಕ್ ದನ, ಒಣಗಾಳಿ. ಇಲ್ಲಿ ಕಂಡದ್ದು ಬಿದಿರುಮೆಳೆ, ಮುಂಗಾರು, ಆನೆ. ಕಾಡನ್ನು ಕಡಿದು ಸುಟ್ಟು ಹಸನುಮಾಡುವಾಗ ಆನೆಯ ಕಾಲಿಗೆ ಸಿಕ್ಕಿ ಸತ್ತವರುಂಟು. ತಲೆಗೊಂದು ಎಕರೆಯಂತೆ ಭೂಮಿ ಹಂಚಲ್ಪಟ್ಟಿತು. ಮುಸುಕಿನ ಜೋಳವು ಮುಖ್ಯ ಬೆಳೆಯಾಯಿತು. ಸ್ವಿಟ್ಜರ್ಲೆಂಡು ಮುಂತಾದ ದೇಶಗಳಿಂದ ಯಂತ್ರಗಳ ಸಹಾಯವೂ ಹಣದ ಸಹಾಯವೂ ಬಂದವು. ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚಿನ ಸಹಾಯವು ಬೇರೆ. ಅವರನ್ನು ಕೂಲಿಗಳಾಗಿ ನಾಡಿನ ಮೇಲೆ ಬೀಜದಂತೆ ಎರಚದೆ, ಊರು ಊರಾಗಿ, ತಮ್ಮ ಮುಖಂಡರು, ತಮ್ಮ ಮಠ, ತಮ್ಮ ಶಾಲೆ ಇವುಗಳೊಡನೆ ಇರಿಸಲಾಯಿತು. ಕ್ಯಾಂಪಿಗೊಬ್ಬ ಮುಖಂಡ, ಎಲ್ಲಕ್ಕೂ ಮೇಲೆ ಧರ್ಮಶಾಲೆಯಿಂದ ನೇಮಕವಾದ ಅಧಿಕಾರಿ, ಬೀಜಗೊಬ್ಬರಗಳಿಗೂ ಫಸಲಿನ ಮಾರಾಟಕ್ಕೂ ಸಹಕಾರ ಸಂಘ. ಪಿರಿಯಾಪಟ್ಟಣದ ಅಧಿಕಾರಿಗೆ ಏನಾದರೂ ಹೇಳಬೇಕಾದರೆ ಯಾರೊಡನೆ ಹೇಳಬೇಕೆಂಬುದು ತಿಳಿದಿತ್ತು. ಟಿಬೆಟ್ಟಿನ ಮುದುಕಿಗೆ ಏನಾದರೂ ಬೇಕಾದರೆ ಯಾರ ಬಾಗಿಲಿಗೆ ಹೋಗಬೇಕೆಂಬುದೂ ತಿಳಿದಿತ್ತು.

೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿಯೂ, ೧೯೬೯ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯದಾಗಿಯೂ, ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಹುಣಸೂರಿನ ಗುರುಪುರದಲ್ಲಿಯೂ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿಯೂ ಇಂಥ ನೆಲೆಗಳಾದವು. ೧೯೬೨ರಿಂದ ೧೯೬೮ರವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರನ್ನು ಟಿಬೆಟ್ಟಿನವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಬೈಲಕುಪ್ಪೆಯಲ್ಲಿ ೧೯೬೩ರಲ್ಲಿ ನಾಮ್‌ಡ್ರೋಲಿಂಗ್ ಮಠವೂ, ೧೯೭೦ರಲ್ಲಿ ಲಾಸಾದ ಸೇರಾ ಮಠದ ಹೊಸ ನೆಲೆಯೂ ಏರ್ಪಟ್ಟವು. ನೀವು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡುವ ಸ್ವರ್ಣದೇವಾಲಯವು ೧೯೯೯ರದು.

ಇನ್ನು ಬಳಕೆಯ ಮಾತು. ಈ ಜನರು ತಮ್ಮ ಊರಿನೊಳಗೆ ಬಾಗಿಲು ಹಾಕಿಕೊಂಡು ಕುಳಿತರೇ? ಇಲ್ಲ. ಹೊಲಕೆಲಸಕ್ಕೆ ನೆರೆಹಳ್ಳಿಗಳ ಕನ್ನಡ ಕೂಲಿಗಳು ಬಂದರು; ಕುಶಾಲನಗರದ ಪೇಟೆಗೆ ಟಿಬೆಟ್ಟಿನವರು ಹೋದರು; ಅವರ ಆಸ್ಪತ್ರೆಗಳಿಗೆ ಸುತ್ತಲಿನ ರೋಗಿಗಳೂ ಬಂದರು. ಭೂಮಿಯು ಎಲ್ಲರ ಹೊಟ್ಟೆಗೆ ಸಾಲದೆ ಹೋದಾಗ ಅವರು ಒಂದು ವಿಚಿತ್ರವಾದ ವ್ಯಾಪಾರವನ್ನು ಹಿಡಿದರು. ಸುಗ್ಗಿ ಮುಗಿದಮೇಲೆ ಗಂಡ ಹೆಂಡಿರಿಬ್ಬರೂ ಊರು ಬಿಟ್ಟು, ಚಳಿಗಾಲದ ಮೂರು ನಾಲ್ಕು ತಿಂಗಳು ಭಾರತದ ಪಟ್ಟಣಗಳ ಬೀದಿಬದಿಯಲ್ಲಿ ಉಣ್ಣೆಯ ಸ್ವೆಟರುಗಳನ್ನು ಮಾರುವರು. ಸರಕು ಪಂಜಾಬಿನ ಲುಧಿಯಾನದ್ದು. ಅಲ್ಲಿಯ ವರ್ತಕರು ಇವರಿಗೆ ಸರಕನ್ನು ಬಹುಮಟ್ಟಿಗೆ ಕಡವಾಗಿಯೇ ಕೊಡುವರು. ಚಳಿ ಕಳೆದ ಮೇಲೆ ಲೆಕ್ಕ ಚುಕ್ತಾ. ಭೂಮಿಯ ಪತ್ರವಿಲ್ಲದ, ಪೌರತ್ವವಿಲ್ಲದ ಪರದೇಶಿಗೆ ಇಷ್ಟು ಸಾಲವನ್ನು ಯಾವ ಧೈರ್ಯದ ಮೇಲೆ ಕೊಡುವರೆಂದು ಯೋಚಿಸಿ ನೋಡಿರಿ. ಒಬ್ಬನು ಸಾಲ ತಪ್ಪಿಸಿದರೆ ಅವನ ಊರಿಗೇ ಕೆಟ್ಟ ಹೆಸರು. ಆ ಊರಿನಲ್ಲಿ ಅವನನ್ನು ಹಿಡಿದು ಕೇಳುವವರುಂಟು. ಹಾಗಾದುದರಿಂದ ಬಳಗವೇ ಅಲ್ಲಿ ಜಾಮೀನು. ಒಳಗಿನ ಕಟ್ಟು ಬಿಗಿಯಾಗಿದ್ದುದರಿಂದಲೇ ಹೊರಗಿನ ನಂಬಿಕೆ ದೊರೆಯಿತು. ಈ ವ್ಯಾಪಾರದಲ್ಲಿ ಹೆಂಗಸರು ಗಂಡಸರಿಗೆ ಸರಿಸಮನಾಗಿ ದುಡಿದರೆಂಬುದನ್ನೂ ಮರೆಯಬಾರದು. ಅಪರಿಚಿತ ಪಟ್ಟಣದಲ್ಲಿ ಹಿಂದಿಯಲ್ಲಿಯೋ ಕನ್ನಡದಲ್ಲಿಯೋ ಬೆಲೆ ಹೇಳಿ, ಗಿರಾಕಿಯನ್ನು ನಗಿಸಿ, ಹಣವೆಣಿಸಿಕೊಂಡವರು ಬಹುಪಾಲು ತಾಯಂದಿರು.

ಆದರೂ ಎಲ್ಲವೂ ಸೊಗಸೆಂದು ಹೇಳಿದರೆ ಪಾಠವು ಸುಳ್ಳಾದೀತು. ಹೊರದೇಶಗಳ ಹಣದಿಂದ ನಿರಾಶ್ರಿತರ ಮನೆಗಳು ಎದ್ದುನಿಂತಾಗ, ಪಕ್ಕದ ಹಳ್ಳಿಯ ಭೂಮಿಯಿಲ್ಲದ ಕೂಲಿಗೆ, ತಾನು ಈ ನೆಲದಲ್ಲಿಯೇ ಹುಟ್ಟಿದವನಾದರೂ ತನಗೆ ಯಾರೂ ಎಕರೆ ಕೊಡಲಿಲ್ಲವೆಂಬ ನೋವು ಹುಟ್ಟುವುದು ಸಹಜ. ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೀನ್ ಅವರು ಈ ನೆಲೆಗಳನ್ನು ಆಳವಾಗಿ ಅಭ್ಯಾಸಮಾಡಿ ೧೯೭೦ರ ದಶಕದಲ್ಲಿ ಬರೆದರು. ಭೂಮಿ ನೀರುಗಳಿಗಾಗಿ ನೆರೆಯವರ ಮೇಲೆ ನೇರವಾದ ಪೈಪೋಟಿ ಬೀಳದಿದ್ದುದೇ ಶಾಂತಿಯ ಒಂದು ಮುಖ್ಯ ಕಾರಣವೆಂಬುದು ಅವರ ವಿಚಾರದ ತಿರುಳು. ಅಂದರೆ ನೆರೆಯವರ ಒಳ್ಳೆಯತನವನ್ನು ಮಾತ್ರ ನಂಬಿ ಯಾರನ್ನೂ ಎಲ್ಲಿಯೂ ಇರಿಸಲಾಗದು. ನೆರೆಯವರ ಹೊಟ್ಟೆಯನ್ನೂ ನೋಡಬೇಕು. ಈ ಸಂದರ್ಭದಲ್ಲಿ ಹೇಳತಕ್ಕ ಸಂಗತಿಯೊಂದುಂಟು. ಟಿಬೆಟ್ಟಿನವರ ಪುನರ್ವಸತಿಗೆ ನೆರವಾಗಲೆಂದು ೧೯೬೮ರಲ್ಲಿ ಮೈರಾಡಾ ಎಂಬ ಸಂಸ್ಥೆಯು ಹುಟ್ಟಿತು. ಆ ಕೆಲಸ ಮುಗಿಯುತ್ತ ಬಂದಂತೆ ಅದು ಕನ್ನಡದ ಬಡಹಳ್ಳಿಗಳ ಕಡೆಗೆ ತಿರುಗಿ, ಮುಂದೆ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟುವುದರಲ್ಲಿ ದೇಶಕ್ಕೆಲ್ಲ ಹೆಸರಾಯಿತು. ಪರದೇಶಿಗಳ ಸಲುವಾಗಿ ಹುಟ್ಟಿದ ಸಂಸ್ಥೆಯ ಫಲವನ್ನು ಊರವರೂ ಉಂಡರೆಂಬುದು ನನಗೆ ಸಂತೋಷದ ವಿಷಯ.

ಇನ್ನೊಂದು ಕೊರತೆ ಭಾಷೆಯದು. ಕೇಂದ್ರ ಸರ್ಕಾರವು ೧೯೬೧ರಲ್ಲಿ ಅವರಿಗಾಗಿಯೇ ಏರ್ಪಡಿಸಿದ ಶಾಲೆಗಳ ಆಡಳಿತದಲ್ಲಿ ಟಿಬೆಟ್ಟಿನ ಭಾಷೆ, ಹಿಂದಿ, ಇಂಗ್ಲಿಷುಗಳೇ ಮುಖ್ಯವಾದುವು. ಕನ್ನಡವನ್ನು ಅವರು ಕಲಿತದ್ದು ಪಾಠಶಾಲೆಗಿಂತ ಹೆಚ್ಚಾಗಿ ಸಂತೆಯಲ್ಲಿ. ಸಂತೆಯ ಕನ್ನಡವು ಬೆಲೆ ಕೇಳುವುದಕ್ಕೂ ಬಸ್ಸು ಹತ್ತುವುದಕ್ಕೂ ಸಾಕು. ಒಬ್ಬರ ದುಃಖವನ್ನು ಇನ್ನೊಬ್ಬರು ಕೇಳುವುದಕ್ಕೆ ಸಾಲದು. ಶಿಕ್ಷಕಿಯಾದ ನನಗೆ ಇದು ದೊಡ್ಡ ಲೋಪವೆಂದೇ ತೋರುತ್ತದೆ.

ಎರಡನೆಯ ನಿದರ್ಶನವು ಕಾಫಿ ಬೆಳೆಗಾರರಾದ ನಮಗೆ ಇನ್ನೂ ಹತ್ತಿರದ್ದು. ೧೮೩೦ರ ದಶಕದಿಂದ ಮುಂದಕ್ಕೆ ಸಿಂಹಳದ್ವೀಪದ ಗುಡ್ಡಗಳಲ್ಲಿ ಆಂಗ್ಲರು ಕಾಫಿಯ ತೋಟಗಳನ್ನು ಎಬ್ಬಿಸಿದಾಗ, ಕೆಲಸಕ್ಕೆ ತಮಿಳು ಜಿಲ್ಲೆಗಳ ಬಡವರನ್ನು ಕಂಗಾಣಿಗಳ ಮೂಲಕ ಕರೆದೊಯ್ದರು. ಮನ್ನಾರಿನಿಂದ ಕಾಡುದಾರಿಯಾಗಿ ಗುಡ್ಡಗಳಿಗೆ ನಡೆಯುವಾಗ ಅಸಂಖ್ಯ ಜನರು ಸತ್ತರು. ೧೮೬೯ರಲ್ಲಿ ಅಲ್ಲಿಯ ಕಾಫಿಗೆ ಎಲೆತುಕ್ಕು ರೋಗವು ತಗಲಿತು. ನಮ್ಮ ತೋಟಗಳಲ್ಲಿ ಇಂದಿಗೂ ಬೋರ್ಡೋ ದ್ರಾವಣ ಹೊಡೆಯಿಸುವ ಆ ರೋಗವೇ. ಕೆಲವು ವರ್ಷಗಳಲ್ಲಿ ಕಾಫಿ ನಾಶವಾಗಿ, ಅದರ ಸ್ಥಳದಲ್ಲಿ ಚಹಾ ಬಂತು. ಗಿಡ ಬದಲಾಯಿತು, ಸಾಲುಮನೆಗಳು ಬದಲಾಗಲಿಲ್ಲ.

ಸಿಲೋನು ಸ್ವತಂತ್ರವಾದ ೧೯೪೮ರಲ್ಲಿಯೇ ಅಲ್ಲಿ ಪೌರತ್ವದ ಕಾಯಿದೆಯಾಗಿ, ತೋಟಗಳ ತಮಿಳರಲ್ಲಿ ಬಹು ಮಂದಿ ಯಾವ ದೇಶಕ್ಕೂ ಸೇರದವರಾದರು. ೧೯೬೪ರ ಅಕ್ಟೋಬರದಲ್ಲಿ ಶ್ರೀಮತಿ ಸಿರಿಮಾವೋ ಬಂಡಾರನಾಯಕೆಯವರೂ ಲಾಲ್ ಬಹಾದೂರ್ ಶಾಸ್ತ್ರಿಗಳೂ ಮಾಡಿಕೊಂಡ ಒಪ್ಪಂದದಂತೆ ೫,೨೫,೦೦೦ ಜನರು ಭಾರತಕ್ಕೂ ೩,೦೦,೦೦೦ ಜನರು ಸಿಲೋನಿಗೂ ಸೇರತಕ್ಕವರೆಂದು ನಿರ್ಣಯವಾಯಿತು. ಉಳಿದ ೧,೫೦,೦೦೦ ಜನರನ್ನು ೧೯೭೪ರಲ್ಲಿ ಸರಿಯಾಗಿ ಅರ್ಧ ಅರ್ಧ ಹಂಚಿಕೊಂಡರು. ಮನುಷ್ಯರನ್ನು ಹೀಗೆ ಮೂಟೆಗಳಂತೆ ಎಣಿಸಿ ಪಾಲುಮಾಡಿದ ಲೆಕ್ಕವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಮುದುಡುತ್ತದೆ. ತಾತ ಮುತ್ತಾತಂದಿರು ಬಿಟ್ಟ ನಾಡಿಗೆ ಮೊಮ್ಮಕ್ಕಳು "ಹಿಂದಿರುಗಿದರು". ತಾವು ಹುಟ್ಟಿ ಬೆಳೆದ ಸ್ಥಳವನ್ನೇ ಬಿಟ್ಟು ಬರುವವರಿಗೆ ಈ ಮಾತು ಎಷ್ಟರ ಮಟ್ಟಿಗೆ ಸಲ್ಲುತ್ತದೆ? ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದು, ಮಂಡಪದ ಶಿಬಿರವನ್ನು ಹಾದು, ಅವರು ನಾನಾ ಕಡೆ ಕಳುಹಿಸಲ್ಪಟ್ಟರು. ನೀಲಗಿರಿಯ ಚಹಾ ತೋಟಗಳಿಗೆ ಕೆಲವರು, ಕೇರಳದ ರಬ್ಬರಿಗೆ ಕೆಲವರು, ನಮ್ಮ ಘಟ್ಟದ ಕೆಳಗಿನ ಸುಳ್ಯ ಪುತ್ತೂರು ತಾಲ್ಲೂಕುಗಳ ಸರ್ಕಾರಿ ರಬ್ಬರು ತೋಟಗಳಿಗೆ ಕೆಲವರು. ಆ ತೋಟಗಳು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆಡಳಿತಕ್ಕೆ ಸೇರಿದವು.

ಈಗ ಹೋಲಿಸಿ ನೋಡಿರಿ. ಟಿಬೆಟ್ಟಿನವರಿಗೆ ಪೌರತ್ವವಿಲ್ಲ; ಸಿಲೋನಿನಿಂದ ಬಂದವರಿಗೆ ಮೊದಲ ದಿನದಿಂದಲೇ ಪೌರತ್ವವುಂಟು. ಕಾಯಿದೆಯ ದೃಷ್ಟಿಯಿಂದ ಇವರೇ ಭಾಗ್ಯವಂತರು. ಆದರೆ ಇವರು ಬಂದದ್ದು ಕುಟುಂಬ ಕುಟುಂಬವಾಗಿ. ಒಂದೇ ತೋಟದಲ್ಲಿ ನೂರು ವರ್ಷ ಒಟ್ಟಿಗಿದ್ದ ನೆಂಟರು, ಒಬ್ಬರು ಗೂಡಲೂರಿಗೆ, ಒಬ್ಬರು ಸುಳ್ಯಕ್ಕೆ, ಒಬ್ಬರು ದ್ವೀಪದಲ್ಲಿಯೇ ಎಂಬಂತೆ ಹರಿದುಹೋದರು. ೧೯೮೪ರಲ್ಲಿ ಹಡಗು ನಿಂತಮೇಲೆ ಬರಬೇಕಾದವರು ಬರಲಾರದೆ ಹೋದರು. ಇವರಿಗೆ ತಮ್ಮದೇ ಮಠವಿಲ್ಲ, ಸಹಕಾರ ಸಂಘವಿಲ್ಲ, ಹೊರದೇಶಗಳಲ್ಲಿ ಇವರ ಹೆಸರನ್ನೆತ್ತುವ ಗುರುವಿಲ್ಲ. ಭೂಮಿಗೆ ಬದಲಾಗಿ ಕೂಲಿ, ಮನೆಗೆ ಬದಲಾಗಿ ಕೂಲಿಯೊಡನೆ ಕಟ್ಟಿಬಂದ ಲೈನು ಮನೆ. ಕೆಲಸ ಮುಗಿದರೆ ಮನೆಯೂ ಹೋದೀತೆಂಬ ಹೆದರಿಕೆ ಮುದುಕರಿಗೆ ತಪ್ಪಲಿಲ್ಲ. ಇವರಲ್ಲಿ ಹೆಚ್ಚಿನವರು ದಲಿತ ಕುಲಗಳವರಾದರೂ, ಕರ್ನಾಟಕದಲ್ಲಿ ಜಾತಿಯ ಪ್ರಮಾಣಪತ್ರವನ್ನು ಪಡೆಯಲು ಬಹುಕಾಲ ತೊಡಕುಪಟ್ಟರು. ಪತ್ರವಿಲ್ಲದೆ ವಿದ್ಯಾರ್ಥಿವೇತನವಿಲ್ಲ. ಬೈಲಕುಪ್ಪೆಯನ್ನು ನೋಡಲು ಬಸ್ಸುಗಳಲ್ಲಿ ಜನರು ಹೋಗುತ್ತಾರೆ. ಸುಳ್ಯದ ರಬ್ಬರು ತೋಟಗಳಲ್ಲಿ ಇಂಥವರೊಬ್ಬರಿರುವರೆಂಬುದು ನಮ್ಮ ಜಿಲ್ಲೆಯ ವಿದ್ಯಾವಂತರಿಗೂ ತಿಳಿಯದು.

ಹಾಗೆಂದು ಅವರ ಬಾಳು ಬರಿಯ ಕತ್ತಲೆಯಲ್ಲ. ಅವರ ಮಕ್ಕಳು ಕನ್ನಡ ಶಾಲೆಗಳಲ್ಲಿ ಕಲಿತರು, ಹೊರಗೆ ತುಳುವನ್ನಾಡಿದರು, ಮನೆಯಲ್ಲಿ ತಮಿಳನ್ನು ಉಳಿಸಿಕೊಂಡರು. ಭಾಷೆಯ ಮಟ್ಟಿಗೆ ನೋಡಿದರೆ ಟಿಬೆಟ್ಟಿನ ಮಕ್ಕಳಿಗಿಂತ ಇವರು ನಮ್ಮೊಡನೆ ಹೆಚ್ಚು ಬೆರೆತರು. ನಾನು ಮೊದಲು ಹೇಳಿದ ಅಭಿಪ್ರಾಯಕ್ಕೆ ಇದು ಸ್ವಲ್ಪ ಅಡ್ಡವಾಗಿ ನಿಲ್ಲುತ್ತದೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಭಾಷೆಯಲ್ಲಿ ಬೆರೆಯುವುದು ಬೇರೆ, ಮಾತಿಗೆ ಬೆಲೆ ಬರುವುದು ಬೇರೆ. ಹತ್ತು ಮಂದಿ ಒಟ್ಟಾಗಿ ನಿಂತು ಕೇಳದ ಹೊರತು, ಎಷ್ಟು ಒಳ್ಳೆಯ ಕನ್ನಡದಲ್ಲಿ ಬರೆದ ಅರ್ಜಿಯೂ ಕಛೇರಿಯ ಬೀರುವಿನಲ್ಲಿ ಮಲಗಿರುತ್ತದೆ.

ರಾಯಚೂರು ಜಿಲ್ಲೆಯ ಸಿಂಧನೂರಿನ ಬಂಗಾಳಿಗಳನ್ನೂ ಒಂದೆರಡು ಮಾತುಗಳಲ್ಲಿ ಹೇಳಬೇಕು. ಪೂರ್ವ ಪಾಕಿಸ್ತಾನವನ್ನು ಬಿಟ್ಟುಬಂದ ಈ ಹಿಂದೂ ಕುಟುಂಬಗಳಿಗೆ ತುಂಗಭದ್ರೆಯ ಕಾಲುವೆಯ ಪ್ರದೇಶದಲ್ಲಿ ಭೂಮಿ ಕೊಡಲಾಯಿತು. ಅವರ ಊರುಗಳಿಗೆ ಹೆಸರಿಗೆ ಬದಲಾಗಿ ಪುನರ್ವಸತಿ ಕ್ಯಾಂಪು ಒಂದು, ಎರಡು, ಮೂರು ಎಂಬ ಅಂಕೆಗಳೇ ಉಳಿದಿವೆ. ಅವರು ಬತ್ತ ಬೆಳೆದರು, ಮೀನು ಸಾಕಿದರು, ದುರ್ಗಾಪೂಜೆಯನ್ನು ಬಿಡಲಿಲ್ಲ. ನಾಮಶೂದ್ರರೆಂಬ ಅವರ ಕುಲವು ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆಂದು ಎಣಿಸಲ್ಪಟ್ಟರೂ ಕರ್ನಾಟಕದ ಪಟ್ಟಿಯಲ್ಲಿಲ್ಲ. ಆದುದರಿಂದ ಇಲ್ಲಿಯೂ ಕಾಗದದ ತೊಡಕೇ.

ಬಳಗ, ಬಳಕೆಗಳ ಜೊತೆಗೆ ಕಾಗದವೆಂಬ ಮೂರನೆಯದೊಂದು ಬೇಕೆಂಬುದು ಇಷ್ಟರಲ್ಲಿಯೇ ನಿಮಗೆ ತಿಳಿದಿರಬಹುದು. ಈ ಮೂರನ್ನೂ ಒಂದೇ ಕಥೆಯಲ್ಲಿ ನೋಡಬೇಕಾದರೆ ರೂತಳ ಗ್ರಂಥವನ್ನು ತೆರೆಯಿರಿ. ಮೋವಾಬ್ ದೇಶದ ಆ ವಿಧವೆಯು ಅತ್ತೆಯಾದ ನೊವೊಮಿಯ ಕೈಬಿಡದೆ ಬೇತ್ಲೆಹೇಮಿಗೆ ಬಂದಳು, ಅದು ಬಳಗ. ಕೊಯ್ಲುಗಾರರ ಹಿಂದೆ ಬಿದ್ದ ತೆನೆಗಳನ್ನು ಆಯ್ದಳು. ಬಡವರಿಗೂ ಪರದೇಶಿಗಳಿಗೂ ಬಿಡತಕ್ಕದ್ದೆಂದು ಆ ಜನರ ಧರ್ಮಶಾಸ್ತ್ರವು ಇಟ್ಟ ತೆನೆಗಳವು, ಅದು ಬಳಕೆ. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಬೋವಜನು ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂಡ್ರಿಸಿ, ಕೆರ ಬಿಚ್ಚಿಕೊಡುವ ಸಾಕ್ಷಿಯೊಡನೆ ವ್ಯವಹಾರವನ್ನು ಸ್ಥಿರಪಡಿಸಿದನು. ಆ ಕೆರವೇ ಅಂದಿನ ಕಾಗದ. ನಾವು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಮೊದಲನೆಯ ಅಧ್ಯಾಯವನ್ನು ಮಾತ್ರ ಕಲಿಸಿ ನಾಲ್ಕನೆಯದನ್ನು ಬಿಟ್ಟುಬಿಡುತ್ತೇವೆ.

ಟಿಬೆಟ್ಟಿನವರಿಗೆ ಕಾಗದದ ಪ್ರಶ್ನೆಯು ಈಗ ಕಠಿಣವಾಗಿ ಬಂದಿದೆ. ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ಅವರು ನೋ೦ದಣಿ ಪತ್ರವೊಂದನ್ನು ಆಗಾಗ್ಗೆ ಹೊಸದುಮಾಡಿಕೊಂಡು ವಿದೇಶೀಯರೆಂಬ ಲೆಕ್ಕದಲ್ಲಿ ಇಲ್ಲಿರುತ್ತಾರೆ. ಆದರೆ ೧೯೫೦ರ ಜನವರಿ ೨೬ಕ್ಕೂ ೧೯೮೭ರ ಜುಲೈ ೧ಕ್ಕೂ ನಡುವೆ ಈ ದೇಶದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂದು ಕಾಯಿದೆ ಹೇಳುತ್ತದೆ. ಇದು ಟಿಬೆಟ್ಟಿನವರಿಗೂ ಸಲ್ಲುವುದೆಂದು ೨೦೧೦ರಲ್ಲಿ ದೆಹಲಿಯ ಹೈಕೋರ್ಟೂ ೨೦೧೩ರಲ್ಲಿ ನಮ್ಮ ರಾಜ್ಯದ ಹೈಕೋರ್ಟೂ ತೀರ್ಪುಕೊಟ್ಟವು. ಆದರೂ ಅರ್ಹರಾದವರೆಲ್ಲರೂ ಮುಂದೆ ಬರಲಿಲ್ಲ. ಪೌರರಾದರೆ ನಿರಾಶ್ರಿತರ ನೆಲೆಯಲ್ಲಿರುವ ಮನೆ, ಹೊಲ, ಸವಲತ್ತುಗಳನ್ನು ಬಿಡಬೇಕಾದೀತೆಂಬ ಅಂಜಿಕೆಯೊಂದು. ಪೌರರಾಗಿಬಿಟ್ಟರೆ ಟಿಬೆಟ್ಟಿಗೆ ಹಿಂದಿರುಗುವ ಹಕ್ಕನ್ನೇ ಬಿಟ್ಟಂತಾಗುವುದೋ ಎಂಬ ಸಂಕೋಚವಿನ್ನೊಂದು. ತಂದೆಯು ಕಾಗದ ಬೇಡವೆನ್ನುವನು, ಮಗಳು ಬೇಕೆನ್ನುವಳು. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು.

ಈ ನಡುವೆ ಎಳೆಯರು ಬೆಂಗಳೂರಿಗೂ, ಅಲ್ಲಿಂದ ಅಮೆರಿಕ, ಕೆನಡಾಗಳಿಗೂ ಹೋಗುತ್ತಿದ್ದಾರೆ. ಭಾರತದಲ್ಲಿರುವ ಟಿಬೆಟ್ಟಿನವರ ಸಂಖ್ಯೆಯು ಇಳಿಯುತ್ತಲಿದೆ. ಅಜ್ಜಂದಿರು ಕಾಡು ಕಡಿದು ಮಾಡಿದ ಹೊಲಗಳನ್ನು ನೆರೆಹಳ್ಳಿಗಳ ಕನ್ನಡ ರೈತರು ಗುತ್ತಿಗೆಗೆ ಹಿಡಿದು ಉಳುವುದುಂಟು. ಬಾಬೆಲಿನ ಸೆರೆಯವರಿಗೆ ಪತ್ರ ಬರೆದ ಯೆರೆಮೀಯನು, ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಿರಿ ಎಂಬರ್ಥದ ಬುದ್ಧಿಹೇಳಿದನು; ಅವನು ಸೂಚಿಸಿದ ಅವಧಿ ಎಪ್ಪತ್ತು ವರ್ಷ. ಬೈಲಕುಪ್ಪೆಯವರಿಗೆ ಈಗ ಅರವತ್ತು ದಾಟಿದೆ.

ಈಗ ನಮ್ಮ ಗುಡ್ಡಗಳಿಗೆ ಹಿಂದಿರುಗೋಣ. ನಮ್ಮ ತೋಟಗಳ ಲೈನುಗಳಲ್ಲಿ ಈಚಿನ ವರ್ಷಗಳಲ್ಲಿ ಅಸ್ಸಾಮ್, ಬಂಗಾಳ, ಝಾರ್ಖಂಡಗಳ ಕುಟುಂಬಗಳು ಬಂದಿರುವುದನ್ನು ನೀವು ಕಾಣುತ್ತೀರಿ. ಅವರು ನಿರಾಶ್ರಿತರಲ್ಲ, ಕೂಲಿಗಾಗಿ ಬಂದ ಸ್ವದೇಶೀಯರು. ಆದರೆ ಬಳಗ ಕಡಿಮೆ, ಬಳಕೆ ಇನ್ನೂ ಹುಟ್ಟಿಲ್ಲ, ಕಾಗದಗಳು ದೂರದ ಊರಿನಲ್ಲಿ. ಇಂಥ ಮನೆಯಲ್ಲಿ ಮೊದಲು ಕನ್ನಡ ಕಲಿಯುವವಳು ಶಾಲೆಗೆ ಬರುವ ಹುಡುಗಿ. ಆಸ್ಪತ್ರೆಯಲ್ಲಿ ತಾಯಿಯ ನೋವನ್ನು ಡಾಕ್ಟರರಿಗೆ ಹೇಳುವವಳೂ, ಸಂಬಳದ ಚೀಟಿಯನ್ನು ಓದುವವಳೂ ಅವಳೇ. ಹತ್ತು ವರ್ಷದ ಹೆಗಲಿಗೆ ಇದು ಭಾರವೇ ಹೌದು. ಅದೇ ಕಾರಣಕ್ಕಾಗಿ ಎಷ್ಟೋ ದಿನ ಅವಳು ಶಾಲೆ ತಪ್ಪಿಸುತ್ತಾಳೆ. ಇನ್ನು ಕೆಲವು ಹುಡುಗಿಯರು ಕನ್ನಡ ಬಂದೊಡನೆ ತಾಯಿಯ ಮಾತಿಗೆ ನಾಚತೊಡಗುತ್ತಾರೆ. ದಾಖಲೆಯ ಪುಸ್ತಕದಲ್ಲಿ ಮಾತೃಭಾಷೆಯೆಂಬ ಅಂಕಣವೊಂದಿದೆ. ಅಲ್ಲಿ ಮನೆಮಾತನ್ನು ಮರೆಮಾಚಿ ಕನ್ನಡವೆಂದು ಬರೆಸುವ ಪೋಷಕರು ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡುತ್ತಾರೆ. ಕನ್ನಡವನ್ನು ಚೆನ್ನಾಗಿ ಕಲಿಸುವ ಕೆಲಸ ನಮ್ಮದು. ತಾಯಿಯ ಮಾತನ್ನು ಅಳಿಸುವ ಕೆಲಸವನ್ನು ಯಾರೂ ನಮಗೆ ಒಪ್ಪಿಸಿಲ್ಲ.

ತೋಟದ ಮನೆಗಳ ಯಜಮಾನಿಯರಾಗಿರುವ ಪೂರ್ವ ವಿದ್ಯಾರ್ಥಿನಿಯರಿಗೆ ಒಂದು ವಿಷಯವನ್ನು ತಿಳಿಸುವುದುಂಟು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಆರರಿಂದ ಹದಿನಾಲ್ಕು ವರ್ಷದ ಯಾವ ಮಗುವನ್ನೂ ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣದಿಂದ ಶಾಲೆಗೆ ಸೇರಿಸದೆ ಹಿಂದಕ್ಕೆ ಕಳುಹಿಸುವಂತಿಲ್ಲ. ಹಿಂದಿನ ಶಾಲೆಯ ವರ್ಗಾವಣೆ ಪತ್ರವು ಬರುವುದು ತಡವಾದುದೂ ಅಡ್ಡಿಯಾಗಕೂಡದು. ಇದನ್ನು ಅರಿಯದೆ ಲೈನಿನಲ್ಲಿಯೇ ತಮ್ಮಂದಿರನ್ನು ಎತ್ತಿಕೊಂಡು ಕುಳಿತಿರುವ ಹುಡುಗಿಯರು ನಿಮ್ಮ ತೋಟಗಳಲ್ಲಿದ್ದರೆ, ಜೂನ್ ತಿಂಗಳಿಗಾಗಿ ಕಾಯದೆ, ತಾಯಿಯೊಡನೆ ಹತ್ತಿರದ ಶಾಲೆಗೆ ಕಳುಹಿಸಿರಿ. ತಾಯಿಗೆ ಕನ್ನಡ ಬಾರದಿದ್ದರೆ ಮೊದಲನೆಯ ದಿನ ನೀವೂ ಜೊತೆಗೆ ಬನ್ನಿರಿ.